ಅಷ್ಟೇ ವೋಟು, ಬೇರೆ ರಿಸಲ್ಟ್

2023ರ ಮೇ 10ಕ್ಕೆ ಕರ್ನಾಟಕ ವೋಟ್ ಹಾಕಿತು, 13ಕ್ಕೆ ರಿಸಲ್ಟ್ ಬಂತು. 224 ಸೀಟುಗಳಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಹೋಯಿತು, ಮೇ 20ಕ್ಕೆ ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. 'ಜನ ಬಿಜೆಪಿಯನ್ನ ಕೈಬಿಟ್ರು' ಅಂತ ನಾವೆಲ್ಲ ಆಗ ಕೇಳಿದ್ವಿ. ಆದರೆ ಅಂಕಿ ನೋಡಿದರೆ ಕಥೆ ಅಷ್ಟು ಸರಳ ಇಲ್ಲ.

2018ರಲ್ಲಿ ಬಿಜೆಪಿಗೆ ಬಿದ್ದ ವೋಟು ಸುಮಾರು ಶೇ. 36, ಸೀಟು 104. 2023ರಲ್ಲೂ ವೋಟು ಸುಮಾರು ಶೇ. 36, ಆದರೆ ಸೀಟು 66! ಹಾಗಾದರೆ ಬದಲಾಗಿದ್ದು ಏನು? ಜೆಡಿಎಸ್ ಪಾಲು ಶೇ. 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಪಾಲು 38ರಿಂದ 43ಕ್ಕೆ ಏರಿತು. ಬಿಜೆಪಿಗೆ ಹಳೇ ಮೈಸೂರು ಕಡೆ ವೋಟು ಜಾಸ್ತಿ ಆಯಿತು, ಆದರೆ ಅಲ್ಲಿ ಅದು ಸೀಟಾಗಲಿಲ್ಲ. ಬೇರೆ ಕಡೆ ವೋಟು ಕಡಿಮೆಯಾಗಿ ಸೀಟು ಹೋದವು.

ಯಾಕೆ ಹೀಗೆ ಅಂದ್ರೆ, ನಮ್ಮಲ್ಲಿ ಗೆಲ್ಲೋಕೆ ಅರ್ಧಕ್ಕಿಂತ ಜಾಸ್ತಿ ವೋಟು ಬೇಕಿಲ್ಲ. ಕ್ಷೇತ್ರದಲ್ಲಿ ಎಲ್ಲರಿಗಿಂತ ಮುಂದೆ ಇದ್ದರೆ ಸಾಕು. ನಮ್ಮ ವೋಟು ಎಷ್ಟು ಅನ್ನೋದರ ಜೊತೆಗೆ ಉಳಿದವರ ವೋಟು ಹೇಗೆ ಹಂಚಿಹೋಗಿದೆ ಅನ್ನೋದೂ ಮುಖ್ಯ.

ಇದಕ್ಕೆ ಒಳ್ಳೇ ಉದಾಹರಣೆ ಬೆಳಗಾವಿಯ ಪಕ್ಕದಲ್ಲೇ ಇದೆ. ಖಾನಾಪುರದಲ್ಲಿ 2018ರಲ್ಲಿ ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ್ 36,649 ವೋಟು ಪಡೆದು ಗೆದ್ದರು. ಬಿಜೆಪಿಯ ವಿಠ್ಠಲ ಹಲಗೇಕರ್ ಅವರಿಗೆ 31,516. ಜೆಡಿಎಸ್, ಎಂಇಎಸ್ ಕೂಡ ದೊಡ್ಡ ಪಾಲು ತಗೊಂಡಿದ್ದವು. 2023ರಲ್ಲಿ ಅದೇ ಅಂಜಲಿ ಅವರಿಗೆ 37,205 ವೋಟು ಬಿತ್ತು, ಅಂದರೆ ಸ್ವಲ್ಪ ಜಾಸ್ತಿನೇ. ಆದರೆ ಹಲಗೇಕರ್ ಅವರಿಗೆ 91,834! ರಾಜ್ಯದಲ್ಲಿ ಕಾಂಗ್ರೆಸ್ ಗಾಳಿ ಬೀಸಿದ ದಿನವೇ, ಒಂದು ವೋಟೂ ಕಡಿಮೆಯಾಗದ ಕಾಂಗ್ರೆಸ್ ಶಾಸಕಿ 54,629 ವೋಟಿನಿಂದ ಸೋತರು. ಮೊದಲು ಚದುರಿದ್ದ ವೋಟು ಈ ಸಲ ಒಂದೇ ಕಡೆ ಸೇರಿತ್ತು.

ಬೆಳಗಾವಿ ಸಿಟಿಯಲ್ಲೇ ಎರಡು ಥರ ಆಯಿತು. ಉತ್ತರ ಕ್ಷೇತ್ರ ಬಿಜೆಪಿಯಿಂದ ಕಾಂಗ್ರೆಸ್‌ನ ಆಸಿಫ್ ಸೇಠ್ ಅವರಿಗೆ ಹೋಯಿತು. ದಕ್ಷಿಣದಲ್ಲಿ ಬಿಜೆಪಿಯ ಅಭಯ ಪಾಟೀಲ್ ಮತ್ತೆ ಗೆದ್ದರು. ಜಿಲ್ಲೆಯ 18 ಸೀಟುಗಳಲ್ಲಿ ಕಾಂಗ್ರೆಸ್‌ಗೆ 11, ಬಿಜೆಪಿಗೆ 7.

ಇದರಿಂದ ನಮಗೇನು? ಸೀಟು ಲೆಕ್ಕ ಮಾತ್ರ ನೋಡಿದರೆ ಸೋತ ಪಕ್ಷದ ಹಿಂದಿರೋ ಜನ ಕಾಣೋದೇ ಇಲ್ಲ. 2023ರಲ್ಲಿ ಸರ್ಕಾರ ಕಳೆದುಕೊಂಡ ಪಕ್ಷಕ್ಕೂ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ವೋಟ್ ಹಾಕಿದ್ದರು. ಗೆದ್ದವರು 'ಇಡೀ ರಾಜ್ಯ ನಮ್ಮ ಜೊತೆ ಇದೆ' ಅಂದರೂ, ಸೋತವರು 'ಜನ ನಮ್ಮನ್ನ ಬಿಟ್ಟಿಲ್ಲ' ಅಂದರೂ, ಒಮ್ಮೆ ವೋಟಿನ ಪಾಲು ತೆಗೆದು ನೋಡಬೇಕು.

ಆಗ ನಮ್ಮಲ್ಲಿ ಹೆಚ್ಚಿನವರಿಗೆ 18 ಆಗಿರಲಿಲ್ಲ. ಮುಂದಿನ ವಿಧಾನಸಭೆಗೆ ನಮ್ಮದೂ ವೋಟು ಇರುತ್ತೆ. ಹಾಸ್ಟೆಲ್‌ನಲ್ಲಿರುವವರು ಊರಿನ ವಿಳಾಸದಲ್ಲಾದರೂ ಹೆಸರು ಸೇರಿಸಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಿಸಬಹುದು. ಎರಡೂ ಕಡೆ ಆಗೋದಿಲ್ಲ. ಹೊಸಬರಿಗೆ ಬೇಕಾದದ್ದು ಫಾರ್ಮ್ 6. ಇನ್ನೂ ತುಂಬಿಲ್ಲ ಅಂದ್ರೆ ಈ ಸೆಮ್‌ನಲ್ಲೇ ತುಂಬಿಬಿಡೋಣ.