‘ರ‍್ಯಾಮ್ ಮುಗಿದಿದೆ’ ಎಂಬ ಹುಸಿ ಗಾಬರಿ

ಉಪ್ಪಳ, ಬಂದ್ಯೋಡು, ಕುಂಬಳೆ ಕಡೆ ಅರ್ಜಿ ಹಾಕಲು ಅಕ್ಷಯ ಕೇಂದ್ರಕ್ಕೋ, ಅಕ್ಕಿ ತರಲು ರೇಷನ್ ಅಂಗಡಿಗೋ ಹೋದವರಿಗೆ ‘ಸರ್ವರ್ ಡೌನ್’ ಎಂಬ ಮಾತು ಹೊಸದಲ್ಲ. ನಾಳೆ ಬನ್ನಿ ಎಂದರೆ ನಾಳೆ ಬರುತ್ತಾರೆ, ಅಷ್ಟೇ. ಜನರ ಮಾತು ಬಿಡಿ, ಅವರಿಗೆ ಬೇರೆ ದಾರಿಯಿಲ್ಲ. ಸರ್ವರ್ ನೋಡಿಕೊಳ್ಳುವುದೇ ಕಸುಬಾಗಿರುವವರೂ ಕೇಳಿದ್ದನ್ನೆಲ್ಲ ನಂಬಿ ಕೂತರೆ ಏನು ಮಾಡುವುದು?

ಅಂಥ ನಂಬಿಕೆಗಳಲ್ಲಿ ಎಲ್ಲಕ್ಕಿಂತ ಹಟಮಾರಿ ಇದು: ಲಿನಕ್ಸ್ ಸರ್ವರಿನಲ್ಲಿ ‘ಫ್ರೀ’ ಕಮಾಂಡ್ ಕೊಟ್ಟಾಗ ಖಾಲಿ ಮೆಮೊರಿ ಕಡಿಮೆ ಕಂಡರೆ ರ‍್ಯಾಮ್ ಮುಗಿಯಿತು ಎಂದರ್ಥ. ಒಟ್ಟು 7,800 ಎಂಬಿ, ಫ್ರೀ ಬರೀ 180. ಸಾಕು, ‘ರೀಸ್ಟಾರ್ಟ್ ಮಾಡಿ’ ಎಂದು ಅಪ್ಪಣೆಯಾಗುತ್ತದೆ. ಹೊಸ ರ‍್ಯಾಮಿಗೆ ಕೊಟೇಶನ್ ತರಿಸುವವರೂ ಇದ್ದಾರೆ.

ಅದೇ ಸಾಲಿನಲ್ಲಿ ಇನ್ನೊಂದಿಷ್ಟು ಬಲಕ್ಕೆ ಕಣ್ಣು ಹಾಯಿಸಿದ್ದರೆ ಬಫ್/ಕ್ಯಾಶ್ 5,520, ಅವೈಲಬಲ್ 5,300 ಎಂದೂ ಕಾಣುತ್ತಿತ್ತು. ಡಿಸ್ಕಿನಿಂದ ಓದಿದ ಫೈಲುಗಳನ್ನು ಲಿನಕ್ಸ್ ಬಿಡುವಾಗಿರುವ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಕೇಳಿದಾಗ ಡಿಸ್ಕಿಗೆ ಹೋಗಬೇಕಾಗಿಲ್ಲ. ಯಾವುದಾದರೂ ಪ್ರೋಗ್ರಾಮಿಗೆ ಮೆಮೊರಿ ಬೇಕಾದರೆ ಈ ಕ್ಯಾಶಿನ ಬಹುಪಾಲನ್ನು ತಕ್ಷಣ ಬಿಟ್ಟುಕೊಡುತ್ತದೆ. ಅಂಗಳದ ತುಂಬ ಅಡಿಕೆ ಹರವಿದ್ದಾರೆಂದು ಆ ಮನೆಗೆ ಅಂಗಳವೇ ಇಲ್ಲ ಎನ್ನುವವರುಂಟೆ? ಈ ಗೊಂದಲ ತಪ್ಪಲೆಂದೇ 2014ರಲ್ಲಿ ಲಿನಕ್ಸ್ 3.14 ಕರ್ನಲ್ ‘ಅವೈಲಬಲ್’ ಲೆಕ್ಕವನ್ನು ತಾನೇ ಕೊಡತೊಡಗಿತು. ಆ ಅಂಕಣ ಬಂದು ಹತ್ತು ವರ್ಷ ದಾಟಿದರೂ ನೋಡದವರು ನೋಡುವುದಿಲ್ಲ.

ನಿಜವಾದ ಕೊರತೆ ಗುಟ್ಟಾಗಿ ಇರುವುದಿಲ್ಲ. ‘ವಿಎಂಸ್ಟ್ಯಾಟ್ 1’ ಎಂದು ಕೊಟ್ಟರೆ ಎಸ್‌ಐ, ಎಸ್‌ಒ ಅಂಕಣಗಳಲ್ಲಿ ಒಂದೇ ಸಮನೆ ಅಂಕಿ ಓಡುತ್ತಿರುತ್ತದೆ, ಅಂದರೆ ರ‍್ಯಾಮಿನಿಂದ ಡಿಸ್ಕಿನ ಸ್ವಾಪಿಗೆ ಹೋಗಿಬರುವ ಓಡಾಟ ನಿಂತಿಲ್ಲ. ಕೈಮೀರಿದರೆ ಕರ್ನಲ್ ಒಂದು ಪ್ರೋಗ್ರಾಮನ್ನು ಕೊಂದು, ಅದರ ಹೆಸರನ್ನೂ ಲಾಗಿನಲ್ಲಿ ಬರೆದಿಡುತ್ತದೆ.

ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತಲ್ಲ ಎನ್ನಬಹುದು. ಹೋಗಿರುತ್ತದೆ, ಸಿಕ್ಕಿಬಿದ್ದಿದ್ದ ಪ್ರೋಗ್ರಾಮು ಹೊಸದಾಗಿ ಶುರುವಾಯಿತಲ್ಲ! ಜೊತೆಗೆ ಕ್ಯಾಶ್ ಬರಿದಾಗಿ ಎಲ್ಲವನ್ನೂ ಡಿಸ್ಕಿನಿಂದಲೇ ಮತ್ತೆ ಓದಬೇಕಾಯಿತು. ಯಾವ ಪ್ರೋಗ್ರಾಮು ಏನನ್ನು ಹಿಡಿದುಕೊಂಡಿತ್ತು ಎಂಬ ಸಾಕ್ಷ್ಯವೂ ಹೋಯಿತು. ಮುಂದಿನ ವಾರ ಅದೇ ಕಾಯಿಲೆ ಮರಳಿದರೆ ಆಶ್ಚರ್ಯವೇನು?

ಇತರ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ‘ಪಿಂಗ್’ ಉತ್ತರ ಬರಲಿಲ್ಲವೆಂದರೆ ಸರ್ವರ್ ಸತ್ತಿದೆ ಎಂದಲ್ಲ, ಫೈರ್‌ವಾಲ್ ತಡೆದಿರಬಹುದು. ಲೋಡ್ ಆವರೇಜ್ ಶೇಕಡಾವಾರು ಅಲ್ಲ. ಲಿನಕ್ಸಿನಲ್ಲಿ ಡಿಸ್ಕಿಗಾಗಿ ಕಾದು ನಿಂತ ಪ್ರೋಗ್ರಾಮುಗಳ ಲೆಕ್ಕವೂ ಅದರಲ್ಲಿ ಸೇರುತ್ತದೆ. ದೊಡ್ಡ ಲಾಗ್ ಫೈಲನ್ನು ಅಳಿಸಿದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಮು ಕೈಬಿಡುವವರೆಗೆ ‘ಡಿಎಫ್’ ಜಾಗ ತುಂಬಿದೆ ಎಂದೇ ಹೇಳುತ್ತದೆ.

ರ‍್ಯಾಮಿನ ಮಾತನ್ನು ಪರೀಕ್ಷಿಸಲು ಸರ್ವರೇ ಬೇಕೆಂದಿಲ್ಲ. ಕೇರಳದ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮುಂದಿರುವುದರಲ್ಲೂ, ಕೈಟ್ ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸ್ ಇದೆ. ಟರ್ಮಿನಲ್ ತೆರೆದು ‘ಫ್ರೀ’ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಒಂದು ಸಿನಿಮಾ ಫೈಲನ್ನು ಕಾಪಿ ಮಾಡಿ ಮತ್ತೆ ನೋಡಿ: ಫ್ರೀ ಇಳಿದಿರುತ್ತದೆ, ಕ್ಯಾಶ್ ಏರಿರುತ್ತದೆ, ಅವೈಲಬಲ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.