ಮಗುವಿನ ಮೊದಲ ಆಹಾರ: ಮಾಡುವುದು ಸುಲಭ, ಕೆಡದಂತೆ ಇಡುವುದೇ ಕೆಲಸ

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಚರ್ಚೆ ಶುರು. ಅಜ್ಜಿ ರಾಗಿ ಮಣ್ಣಿ ಅಂತಾರೆ, ನೆರೆಮನೆಯವರು ಕುನ್ನನ್ ಬಾಳೆಕಾಯಿ ಪುಡಿ ಅಂತಾರೆ, ಗಲ್ಫಿನಿಂದ ಬಂದ ಮಾಮ ಡಬ್ಬದ ಪುಡಿ ತಂದಿಡುತ್ತಾರೆ. ಮನೆಯದ್ದೇ ಸಾಕು, ಖರ್ಚೂ ಕಡಿಮೆ. ಆದರೆ ಕಾಸರಗೋಡು, ಮಂಜೇಶ್ವರದಂಥ ಸೆಕೆ ಮತ್ತು ತೇವದ ಊರಿನಲ್ಲಿ ಆಹಾರ ಬೇಗ ಕೆಡುತ್ತದೆ. ಕೆಟ್ಟದ್ದು ಹೊಟ್ಟೆಗೆ ಹೋದರೆ ವಾಂತಿ-ಭೇದಿಯಾಗಿ ಪುಟ್ಟ ಮಗು ಒಂದೇ ದಿನದಲ್ಲಿ ಸೋತುಹೋಗಬಹುದು.

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರ. ಮೊದಲು ದಿನಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಎರಡು ಮೂರು ಚಮಚ. ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಸಲ. ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಬಹುದು.

ರಾಗಿಯನ್ನು ಮೊಳಕೆ ಬರಿಸಿದರೆ ಹೆಚ್ಚು ಲಾಭ. ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಹದವಾಗಿ ಹುರಿದು ಪುಡಿ ಮಾಡಿ ಜರಡಿ ಹಿಡಿಯಿರಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಅಂಟಂಟಾಗುವುದಿಲ್ಲ. ಹಾಗಾಗಿ ನೀರು ಹೆಚ್ಚು ಸೇರಿಸದೆ ಪುಡಿ ಹೆಚ್ಚು ಹಾಕಬಹುದು, ಪುಟ್ಟ ಹೊಟ್ಟೆಗೆ ಶಕ್ತಿ ಹೆಚ್ಚು ಸಿಗುತ್ತದೆ. ಆದರೆ ಬರೀ ರಾಗಿ, ಬಾಳೆಕಾಯಿ ಸಾಲದು. ಕಬ್ಬಿಣದ ಅಂಶಕ್ಕೆ ಬೇಯಿಸಿ ಹಿಸುಕಿದ ಬೇಳೆ, ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಮಾಡಿದ ಮಾಂಸ ಬೇಕು. ಹೊಸ ಪದಾರ್ಥ ಒಂದೊಂದಾಗಿ ಕೊಟ್ಟು ಎರಡು ಮೂರು ದಿನ ನೋಡಿ.

ಇಡುವ ವಿಷಯಕ್ಕೆ ಬರೋಣ. ಪುಡಿಯನ್ನು ಒಮ್ಮೆಗೆ ರಾಶಿ ಮಾಡಬೇಡಿ, ಒಂದು ತಿಂಗಳಿಗೆ ಆಗುವಷ್ಟು ಸಾಕು. ಬಿಸಿ ಆರಿದ ಮೇಲೆ ಒಣಗಿದ, ಗಾಳಿಯಾಡದ ಡಬ್ಬದಲ್ಲಿ ತುಂಬಿ, ಒಣ ಚಮಚದಲ್ಲೇ ತೆಗೆಯಿರಿ. ಮಳೆಗಾಲದಲ್ಲಿ ಬಿಸಿಲಿಗೆ ಒಣಗಿಸಿದ್ದೇವೆಂದು ನಂಬಿ ಕೂರಬಾರದು. ಬಾಳೆಕಾಯಿ ತುಂಡು ಮುರಿದರೆ ಟಕ್ಕೆಂದು ಮುರಿಯಬೇಕು. ಬೂಷ್ಟು ಅಥವಾ ಮುಗ್ಗುಲು ವಾಸನೆ ಕಂಡರೆ ಮೇಲಿನದ್ದನ್ನು ಮಾತ್ರ ತೆಗೆಯದೆ ಇಡೀ ಡಬ್ಬವನ್ನೇ ಚೆಲ್ಲಿ.

ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು, ಕಡು ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಬೇಗ ತಣಿಸಿ ಸಣ್ಣ ಸಣ್ಣ ಡಬ್ಬದಲ್ಲಿ ಫ್ರಿಡ್ಜಿಗಿಟ್ಟರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದೆರಡು ತಿಂಗಳು. ಅಂಗಡಿಯಲ್ಲಿ ಮಾಲಿಗೆ ಮಾಡುವಂತೆ ಡಬ್ಬದ ಮೇಲೆ ದಿನಾಂಕ ಬರೆಯಿರಿ, ಮೊದಲು ಮಾಡಿದ್ದು ಮೊದಲು ಮುಗಿಯಲಿ. ಬೇಕಾದಷ್ಟನ್ನೇ ತೆಗೆದು ಕುದಿ ಬರುವವರೆಗೆ ಬಿಸಿ ಮಾಡಿ, ಆರಿಸಿ ಕೊಡಿ. ಮಗು ಉಣ್ಣುವ ಬಟ್ಟಲಿನಲ್ಲಿ ಉಳಿದದ್ದನ್ನು ಮತ್ತೆ ಇಡಬೇಡಿ, ಎಂಜಲು ಸೇರಿದರೆ ರೋಗಾಣು ಬೆಳೆಯುತ್ತದೆ. ಕರೆಂಟ್ ಹೋಗಿ ನಾಲ್ಕು ಗಂಟೆ ದಾಟಿದರೆ ಫ್ರಿಡ್ಜಿನಲ್ಲಿದ್ದದ್ದನ್ನು ಮಗುವಿಗೆ ಕೊಡದಿರುವುದೇ ಒಳ್ಳೆಯದು.

ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಹುಟ್ಟಿದ ಮಗುವಿನ ಬಾಯಿಗೆ ಜೇನು ಸವರುವ ರೂಢಿ ಕೆಲವು ಮನೆಗಳಲ್ಲಿದೆ. ಅದರಲ್ಲಿ ಬೊಟುಲಿಸಂ ರೋಗದ ಬೀಜಕಣ ಇರಬಹುದು, ಕುದಿಸಿದರೂ ಅದು ಸಾಯುವುದಿಲ್ಲ. ಉಪ್ಪು, ಸಕ್ಕರೆಯೂ ಬೇಡ. ಇಡೀ ಕಡಲೆಕಾಯಿ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಕೇರಳದ ಅಂಗನವಾಡಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಸಿಗುವ ಅಮೃತಂ ನ್ಯೂಟ್ರಿಮಿಕ್ಸ್ ಪುಡಿಯನ್ನೂ ಬಿಡಬೇಡಿ. ಕುಟುಂಬಶ್ರೀ ಹೆಂಗಸರು ತಯಾರಿಸುವ ಈ ಪುಡಿಯಲ್ಲಿ ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಇದೆ. ಇದನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಮಗುವಿನ ಹಕ್ಕಿನ ಈ ಪಾಲು ಕೋಳಿ-ದನಗಳಿಗೆ ಹೋಗದಿರಲಿ.

ಇಷ್ಟೆಲ್ಲ ಜಾಗ್ರತೆ ಮಾಡಿಯೂ ಭೇದಿಯಾದರೆ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಕೊಡಿ. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ.