ಮದ್ದು ಒಂದೇ, ರೋಗಿಗಳು ಇಬ್ಬರು

2020ರ ಡಿಸೆಂಬರ್ 10ರಂದು ಬಿಡುಗಡೆಯಾದ ‘ಸೈಬರ್‌ಪಂಕ್ 2077’ ಗೇಮ್‌ನ ಮರ್ಯಾದೆ ಒಂದು ವಾರ ಉಳಿದಿದ್ದರೆ ಹೆಚ್ಚು. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಪಾತ್ರಗಳ ಮುಖಗಳೇ ಸರಿಯಾಗಿ ಮೂಡುತ್ತಿರಲಿಲ್ಲ; ಆಟ ನಡುನಡುವೆ ಕುಸಿದುಬೀಳುತ್ತಿತ್ತು. ಸೋನಿ ಕಂಪನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಕೊಡುತ್ತೇನೆಂದಿತು. ಮತ್ತೆ ಅದು ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಆದರೂ ಮೊದಲ ಹತ್ತೇ ದಿನಗಳಲ್ಲಿ 1.3 ಕೋಟಿ ಪ್ರತಿಗಳು ಬಿಕರಿಯಾಗಿದ್ದವು. ಅಂದರೆ ಇದನ್ನು ತಯಾರಿಸಿದ ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಕಂಪನಿ ಕಳೆದುಕೊಂಡದ್ದು ದುಡ್ಡನ್ನಲ್ಲ, ಹೆಸರನ್ನು.

ಆ ಹೆಸರು ಮರಳಿ ಬಂದದ್ದು ‘ಫ್ಯಾಂಟಮ್ ಲಿಬರ್ಟಿ’ಯಿಂದ. 2023ರ ಸೆಪ್ಟೆಂಬರ್ 26ರಂದು ಬಂದ ಈ ಡಿಎಲ್‌ಸಿ, ಮೂಲ ಆಟ ಇರುವವರು ಬೇರೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡು ಸೇರಿಸಿಕೊಳ್ಳಬೇಕಾದ ಹೊಸ ಕಥಾಭಾಗ. ಆ ವರ್ಷ ಮುಗಿಯುವಷ್ಟರಲ್ಲಿ ಐವತ್ತು ಲಕ್ಷ ಪ್ರತಿ ದಾಟಿತು. ಬಂದ ವಿಮರ್ಶೆಗಳಲ್ಲಿ ಹೊಗಳಿಕೆಯದೇ ಮೇಲುಗೈ. ಆ ಹೊಗಳಿಕೆಯಲ್ಲಿ ಎಷ್ಟು ಪಾಲು ಡಿಎಲ್‌ಸಿಗೆ ಸಲ್ಲಬೇಕು, ಎಷ್ಟು ಬೇರೆ ಕಡೆಗೆ ಹೋಗಬೇಕು ಎಂಬ ಲೆಕ್ಕ ಮಾತ್ರ ಸರಿಯಾಗಿ ಆಗಿಲ್ಲ ಎಂದು ನನ್ನ ಅನಿಸಿಕೆ.

ಡಿಎಲ್‌ಸಿ ಎಂದರೆ ಹಳೆಯ ಆಟಗಾರರು ಮೂಗು ಮುರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. 2006ರಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿ, ಈವರೆಗೂ ಅದರ ಗೇಲಿಯಿಂದ ತಪ್ಪಿಸಿಕೊಂಡಿಲ್ಲ. ಸಿಡಿ ಪ್ರೊಜೆಕ್ಟ್ ಈ ವಿಷಯದಲ್ಲಿ ಒಳ್ಳೆಯ ಹೆಸರು ಗಳಿಸಿದ ಕಂಪನಿ. ‘ವಿಚರ್ 3’ ಆಟಕ್ಕೆ ಅವರು 2016ರಲ್ಲಿ ಸೇರಿಸಿದ ‘ಬ್ಲಡ್ ಆ್ಯಂಡ್ ವೈನ್’, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಪೂರ್ಣಪ್ರಮಾಣದ ಆಟಗಳನ್ನು ಹಿಂದಿಕ್ಕಿ ಅತ್ಯುತ್ತಮ ರೋಲ್ ಪ್ಲೇಯಿಂಗ್ ಗೇಮ್ ಪ್ರಶಸ್ತಿಯನ್ನೇ ಎತ್ತಿಕೊಂಡು ಹೋಗಿತ್ತು. ಹೀಗಾಗಿ ‘ಫ್ಯಾಂಟಮ್ ಲಿಬರ್ಟಿ’ಯ ಮೇಲೆ ಎರಡು ಹೊರೆಗಳಿದ್ದವು: ಕೆಟ್ಟುಹೋದ ಹೆಸರನ್ನು ತೊಳೆಯುವುದು ಒಂದು, ತಮ್ಮದೇ ಹಳೆಯ ಎತ್ತರವನ್ನು ಮುಟ್ಟುವುದು ಇನ್ನೊಂದು.

ಮುಂದಿನ ಮಾತು ಕಥೆಯ ಗುಟ್ಟುಗಳನ್ನು ಬಿಟ್ಟುಕೊಡುತ್ತದೆ. ಅಂತ್ಯವನ್ನು ಮುಟ್ಟದೆ ಈ ಕಥೆಯ ಗುಣ-ದೋಷ ಹೇಳುವುದು ಆಗದ ಕೆಲಸ. ಇನ್ನೂ ಆಡಿಲ್ಲದವರು, ಗುಟ್ಟು ಉಳಿಯಲಿ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಆಟಗಾರ ನಿಭಾಯಿಸುವ ಪಾತ್ರದ ಹೆಸರು ವಿ. ನೈಟ್ ಸಿಟಿ ಎಂಬ ನಗರದಲ್ಲಿ ಕೂಲಿಗೆ ಕೈ ಚಲಾಯಿಸುವ ಕಸುಬು. ವಿಯ ತಲೆಯೊಳಗೆ ಒಂದು ಚಿಪ್ ಸಿಕ್ಕಿಹಾಕಿಕೊಂಡಿದೆ. ಸತ್ತುಹೋದ ರಾಕ್ ಗಾಯಕ ಜಾನಿ ಸಿಲ್ವರ್‌ಹ್ಯಾಂಡ್‌ನ ಮನಸ್ಸು ಆ ಚಿಪ್‌ನಲ್ಲಿದ್ದು, ದಿನೇ ದಿನೇ ವಿಯನ್ನು ಅಳಿಸುತ್ತಿದೆ. ಜಾನಿಗೆ ಮುಖ, ದನಿ ಎರಡೂ ನಟ ಕಿಯಾನು ರೀವ್ಸ್‌ನದು. ಇಷ್ಟು ಮೂಲ ಆಟದ ಕಥೆ. ಈ ಸಾವಿನಿಂದ ನಿನ್ನನ್ನು ಪಾರು ಮಾಡುತ್ತೇನೆ ಎಂದು ಸಾಂಗ್‌ಬರ್ಡ್ ಎಂಬ ಅಪರಿಚಿತೆ ಕರೆ ಮಾಡುವಲ್ಲಿಗೆ ಡಿಎಲ್‌ಸಿ ಶುರು. ಅಮೆರಿಕದ ಅಧ್ಯಕ್ಷೆ ರೊಸಲಿಂಡ್ ಮೈಯರ್ಸ್ ಕೂತ ವಿಮಾನ ಡಾಗ್‌ಟೌನ್ ಎಂಬ ಕೇರಿಯಲ್ಲಿ ಬೀಳಲಿದೆ, ಆಕೆಯನ್ನು ಉಳಿಸಿದರೆ ನಿನಗೆ ಮದ್ದು ಸಿಗುತ್ತದೆ ಎಂಬುದು ಒಪ್ಪಂದ.

ಡಾಗ್‌ಟೌನ್ ಈ ಡಿಎಲ್‌ಸಿಯ ಮೊದಲ ಗೆಲುವು. ಪ್ರವಾಸಿಗರಿಗೆಂದು ಕಟ್ಟಲು ಹೊರಟು, ಯುದ್ಧ ಬಂದದ್ದರಿಂದ ಅರ್ಧಕ್ಕೇ ಕೈಬಿಟ್ಟ ಬಡಾವಣೆಯದು. ಸೇನೆ ವಾಪಸ್ ಕರೆದರೂ ಹೋಗದೆ ಅಲ್ಲೇ ಬೇರೂರಿದ ಕರ್ನಲ್ ಕರ್ಟ್ ಹ್ಯಾನ್ಸನ್ ಸುತ್ತ ಗೋಡೆ ಎಬ್ಬಿಸಿ ತನ್ನದೇ ರಾಜ್ಯ ಮಾಡಿಕೊಂಡಿದ್ದಾನೆ. ಇತ್ತೀಚಿನ ಆಟಗಳಿಗೆ ನಕ್ಷೆ ದೊಡ್ಡದು ಮಾಡುವ ಹುಚ್ಚು. ಬಯಲು ದೊಡ್ಡದಾದಷ್ಟೂ ಮಾಡಲು ಕೆಲಸ ಕಡಿಮೆ. ಡಾಗ್‌ಟೌನ್ ಚಿಕ್ಕದು. ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗುವಷ್ಟರಲ್ಲಿ ಒಂದು ಕಥೆ ಎದುರಾಗುತ್ತದೆ. ಅಪೂರ್ಣ ಗೋಪುರಗಳ ಕೆಳಗೆ ಸಂತೆ ನೆರೆದಿದೆ, ಕ್ರೀಡಾಂಗಣ ಶಸ್ತ್ರಾಸ್ತ್ರಗಳ ಮಾರುಕಟ್ಟೆಯಾಗಿದೆ. ಅಲ್ಲಿ ಬದುಕುವವರು ಹೇಗೆ ಹೊಟ್ಟೆ ಹೊರೆಯುತ್ತಾರೆ ಎಂಬುದು ಸಂಭಾಷಣೆಯ ಹಂಗಿಲ್ಲದೆ ನೋಟದಿಂದಲೇ ತಿಳಿಯುತ್ತದೆ.

ಎರಡನೆಯ ಗೆಲುವು, ಇನ್ನೂ ದೊಡ್ಡದು, ಪಾತ್ರಗಳದು. ಇದು ಗೂಢಚಾರಿ ಕಥೆ. ಸೊಲೊಮನ್ ರೀಡ್ ಏಳು ವರ್ಷದಿಂದ ಮರೆಯಲ್ಲಿ ಬಿದ್ದಿರುವ ಸರ್ಕಾರಿ ಏಜೆಂಟ್. ಹಿಂದಿನ ಯುದ್ಧದ ಕೊನೆಗೆ ಅವನನ್ನು ಸಾಯಲು ಬಿಟ್ಟವರು ಅವನ ಮೇಲಿನವರೇ. ಅಂಥ ಸರ್ಕಾರದ ಅಧ್ಯಕ್ಷೆ ಮತ್ತೆ ಕರೆದಾಗ ಅವನು ಎದ್ದು ನಿಲ್ಲುತ್ತಾನೆ. ಯಾಕೆ ಎಂದು ಅವನಿಗೇ ಪೂರ್ತಿ ಗೊತ್ತಿಲ್ಲ. ಬ್ರಿಟಿಷ್ ನಟ ಇದ್ರಿಸ್ ಎಲ್ಬಾ ಈ ಪಾತ್ರಕ್ಕೆ ದಣಿದ ದನಿ ಕೊಟ್ಟಿದ್ದಾನೆ. ಕಿರುಚುವ ದೃಶ್ಯಗಳಿಗಿಂತ ಅವನು ಸುಮ್ಮನೆ ಕೂತಿರುವ ದೃಶ್ಯಗಳೇ ಹೆಚ್ಚು ತೂಗುತ್ತವೆ. ಇನ್ನು ಸಾಂಗ್‌ಬರ್ಡ್. ನಿಜ ಹೆಸರು ಸೋ ಮಿ. ಕಂಪ್ಯೂಟರ್ ಜಾಲಕ್ಕೆ ನುಗ್ಗುವುದರಲ್ಲಿ ಅವಳಿಗೆ ಸಾಟಿಯಿಲ್ಲ. ಅದೇ ಅವಳಿಗೆ ಮುಳುವಾಗಿದೆ. ಹುಚ್ಚೆದ್ದ ಕೃತಕ ಬುದ್ಧಿಗಳನ್ನು ಮನುಷ್ಯರಿಂದ ದೂರವಿಡಲು ಕಟ್ಟಿದ ಬ್ಲ್ಯಾಕ್‌ವಾಲ್ ಎಂಬ ತಡೆಯನ್ನು ದಾಟಿಹೋಗುವಂತೆ ಸರ್ಕಾರ ಅವಳನ್ನು ಮತ್ತೆ ಮತ್ತೆ ದೂಡಿದೆ. ಪ್ರತಿ ಸಲ ಅವಳ ದೇಹದ ಒಂದು ಭಾಗ ಯಂತ್ರಕ್ಕೆ ಜಾಗ ಬಿಟ್ಟಿದೆ. ವಿಯಂತೆ ಅವಳೂ ಸಾಯುತ್ತಿದ್ದಾಳೆ.

ಹೀಗಾಗಿ ಕೊನೆಗೆ ಆಟ ನಮ್ಮ ಮುಂದಿಡುವ ಆಯ್ಕೆ ಒಳ್ಳೆಯವರು-ಕೆಟ್ಟವರ ನಡುವಿನದಲ್ಲ. ರೀಡ್ ಕಡೆ ನಿಂತರೆ ಸೋ ಮಿ ಮತ್ತೆ ಅದೇ ಸರ್ಕಾರದ ಕೈಗೆ. ಸೋ ಮಿ ಕಡೆ ನಿಂತರೆ ರೀಡ್‌ಗೆ ದ್ರೋಹ. ಅವಳನ್ನು ಚಂದ್ರಲೋಕಕ್ಕೆ ಒಯ್ಯುವ ನೌಕೆಯ ತನಕ ಗುಂಡುಗಳ ನಡುವೆ ಹೊತ್ತು ತಂದ ಮೇಲೆ, ಕೊನೆಯ ಗಳಿಗೆಯಲ್ಲಿ ಅವಳು ಬಾಯಿಬಿಡುತ್ತಾಳೆ: ಮದ್ದು ಇರುವುದು ಒಬ್ಬರಿಗೆ ಮಾತ್ರ, ಮೊದಲಿನಿಂದಲೂ ಇದು ಅವಳಿಗೆ ಗೊತ್ತಿತ್ತು. ನೌಕೆಯ ದಾರಿಗೆ ಅಡ್ಡವಾಗಿ ರೀಡ್ ನಿಂತಿದ್ದಾನೆ. ಸುಳ್ಳು ಹೇಳಿದವಳನ್ನು ಬಿಟ್ಟುಕೊಟ್ಟು ಬದುಕಿಕೊಳ್ಳುವುದೇ, ಅಥವಾ ರೀಡ್‌ನನ್ನು ಕೊಂದು ಅವಳನ್ನು ಹಾರಿಬಿಡುವುದೇ? ಆ ಸಮಯದಲ್ಲಿ ಆಟ ಯಾವ ಸುಳಿವನ್ನೂ ಕೊಡುವುದಿಲ್ಲ, ಯಾವುದನ್ನೂ ಸರಿ ಎನ್ನುವುದಿಲ್ಲ. ವಿಡಿಯೊ ಗೇಮ್‌ಗಳಲ್ಲಿ ‘ನಿಮ್ಮ ಆಯ್ಕೆಗೆ ಬೆಲೆಯಿದೆ’ ಎಂಬ ಜಾಹೀರಾತು ಸವಕಲಾಗಿದೆ. ಇಲ್ಲಿ ಆ ಬೆಲೆಯನ್ನು ನಿಜಕ್ಕೂ ವಸೂಲು ಮಾಡುತ್ತಾರೆ.

ಮದ್ದನ್ನು ಆರಿಸಿಕೊಂಡವರಿಗೆ ಕಾದಿರುವ ಹೊಸ ಅಂತ್ಯದ ಬಗ್ಗೆ ಒಂದಿಷ್ಟು ಹೆಚ್ಚೇ ಹೇಳಬೇಕು. ಶಸ್ತ್ರಚಿಕಿತ್ಸೆ ಮುಗಿದು ವಿ ಕಣ್ಣು ಬಿಟ್ಟಾಗ ಎರಡು ವರ್ಷ ಕಳೆದಿರುತ್ತವೆ. ಜಾನಿ ಇಲ್ಲ. ಮೈಗೆ ಯುದ್ಧದ ಯಂತ್ರಾಂಗಗಳನ್ನು ಇನ್ನೆಂದೂ ತಾಳಿಕೊಳ್ಳಲಾಗದು. ಪ್ರೀತಿಸಿದವರು ತಮ್ಮ ಬದುಕು ಕಂಡುಕೊಂಡಿದ್ದಾರೆ, ಕೆಲವರಿಗೆ ಮಾತಾಡಲೂ ಇಷ್ಟವಿಲ್ಲ. ನೆಚ್ಚಿನ ಬೀದಿ ವೈದ್ಯ ವಿಕ್ಟರ್ ದೊಡ್ಡ ಕಂಪನಿಯೊಂದರ ನೌಕರನಾಗಿದ್ದಾನೆ. ನಗರವನ್ನೇ ನಡುಗಿಸಿದ ವಿಗೆ ಈಗ ಬೀದಿಯ ಪುಡಿ ರೌಡಿಗಳು ಹೊಡೆದು ಹೋಗುತ್ತಾರೆ. ನಂತರ ವಿ ಜನಸಂದಣಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯನಾಗಿ ಬೆರೆತುಹೋಗಬೇಕು. ದಂತಕಥೆಯಾಗುವುದೋ, ಬದುಕಿ ಉಳಿಯುವುದೋ ಎಂಬುದು ಮೂಲ ಆಟದ ಪ್ರಶ್ನೆಯಾಗಿತ್ತು; ಅಲ್ಲಿನ ಯಾವ ಅಂತ್ಯವೂ ಬದುಕಿ ಉಳಿಯುವುದನ್ನು ಇಷ್ಟು ಹತ್ತಿರದಿಂದ ತೋರಿಸಿರಲಿಲ್ಲ. ಕೆಲವು ಆಟಗಾರರಿಗೆ ಇದು ಕ್ರೂರವೆನಿಸಿತು. ನನಗೆ ಇಡೀ ಸೈಬರ್‌ಪಂಕ್‌ನಲ್ಲಿ ಇದಕ್ಕಿಂತ ಪ್ರಾಮಾಣಿಕ ಬರವಣಿಗೆ ಕಾಣಲಿಲ್ಲ.

ಇಷ್ಟೆಲ್ಲ ಗಟ್ಟಿಯಾಗಿರುವ ಕಥೆಯ ನೆಲೆಯೇ ಅದರ ಅತಿ ದೊಡ್ಡ ದೋಷ. ‘ಬ್ಲಡ್ ಆ್ಯಂಡ್ ವೈನ್’ ಮೂಲ ಕಥೆ ಮುಗಿದ ಮೇಲೆ, ಬೇರೆಯದೇ ಸೀಮೆಯಲ್ಲಿ ನಡೆಯುತ್ತದೆ. ಹಿಂದಿನದರ ಜೊತೆ ಅದಕ್ಕೆ ಜಗಳವಿಲ್ಲ. ‘ಫ್ಯಾಂಟಮ್ ಲಿಬರ್ಟಿ’ ಮಾತ್ರ ಎಂದೋ ಬರೆದು ಮುಗಿಸಿದ ಕಥೆಯ ನಡುವೆ ನುಸುಳಬೇಕು. ಪರಿಣಾಮ ವಿಚಿತ್ರ. ದೇಶದ ಅಧ್ಯಕ್ಷೆಯನ್ನು ಕಾಪಾಡಿ, ಬ್ಲ್ಯಾಕ್‌ವಾಲ್‌ನ ಆಚೆ ಇಣುಕಿ ನೋಡಿ, ಗೆಳತಿಯನ್ನೋ ಗೆಳೆಯನನ್ನೋ ಕಳೆದುಕೊಂಡು ಡಾಗ್‌ಟೌನ್‌ನ ಗೋಡೆಯಾಚೆ ಬಂದರೆ ನೈಟ್ ಸಿಟಿಯ ಜನ ಏನೂ ಆಗಿಲ್ಲವೆಂಬಂತೆ ಹಳೆಯ ಸಂಭಾಷಣೆಯನ್ನೇ ಮುಂದುವರಿಸುತ್ತಾರೆ. ಅಲ್ಲೊಂದು ಫೋನ್ ಕರೆ, ಇಲ್ಲೊಂದು ಮೆಸೇಜ್ ಬಿಟ್ಟರೆ ಮೂಲ ಕಥೆಗೆ ಡಾಗ್‌ಟೌನ್‌ನ ಗಾಳಿಯೂ ಸೋಕಿಲ್ಲ. ಮದುವೆ ಊಟದ ನಡುವೆ ಬಂದವನಿಗೆ ಬಡಿಸಿದಂತೆ: ಹೋಳಿಗೆ ಸಿಕ್ಕಿತು, ಪಂಕ್ತಿಯಲ್ಲಿ ಮಾತ್ರ ಜಾಗವಿಲ್ಲ.

ಇನ್ನೊಂದು ತೊಡಕು ಕಥೆ ಕವಲೊಡೆಯುವ ಬಗೆಯದು. ರೀಡ್ ದಾರಿ ಹಿಡಿದವರಿಗೆ ನೆಲದಡಿಯ ಹಳೆಯ ಸೇನಾ ಪ್ರಯೋಗಾಲಯವೊಂದರ ಅಧ್ಯಾಯ ಸಿಗುತ್ತದೆ. ಸೋ ಮಿ ದಾರಿಯವರಿಗೆ ಅದು ಕಾಣುವುದೇ ಇಲ್ಲ. ಕೊಲ್ಲಲಾಗದ ಯಂತ್ರವೊಂದು ಬೆನ್ನಟ್ಟುವ, ಬಂದೂಕು ಕೆಲಸಕ್ಕೆ ಬಾರದ, ಬಚ್ಚಿಟ್ಟುಕೊಂಡು ತೆವಳುವ ಆ ಭಾಗ ಭಯಾನಕ ಸಿನಿಮಾದಂತಿದೆ. ನೂರು ಗಂಟೆ ಬೆವರು ಸುರಿಸಿ ಬೆಳೆಸಿದ ವಿಯ ಶಕ್ತಿಗಳು ಅಲ್ಲಿ ಒಮ್ಮೆಲೇ ನಿಷ್ಪ್ರಯೋಜಕವಾಗುವುದನ್ನು ಹಲವರು ದೂರಿದ್ದಾರೆ. ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಆ ಅಧ್ಯಾಯದ ನಡುನಡುವೆ ಕೇಳುವ ಸೋ ಮಿಯ ನೆನಪುಗಳಿಲ್ಲದೆ ಅವಳು ಅರ್ಧ ಪಾತ್ರ. ಅವಳ ಪರ ನಿಂತವರಿಗೇ ಅವಳ ಪೂರ್ವಕಥೆ ಕಡಿಮೆ ಸಿಗುವುದು ಬರಹಗಾರರ ಎಡವಟ್ಟು. ಎರಡೂ ಕವಲು ನೋಡದವರಿಗೆ ಕೊಟ್ಟ ದುಡ್ಡಿನ ಕಥೆ ಪೂರ್ತಿ ಸಿಗುವುದಿಲ್ಲ.

ಹ್ಯಾನ್ಸನ್ ಕೂಡ ಹಾಗೆಯೇ ಕೈತಪ್ಪಿದ ಪಾತ್ರ. ಊರೆಲ್ಲ ಅವನ ಭಿತ್ತಿಪತ್ರ, ಅವನ ಭಾಷಣ. ಎದುರಾಗುವುದು ಮಾತ್ರ ಅಪರೂಪ. ಆಕಾಶದಿಂದ ಬೀಳುವ ಪೆಟ್ಟಿಗೆಗಳಿಗಾಗಿ ಹೊಡೆದಾಟ, ಕಾರು ಕದ್ದು ತಲುಪಿಸುವ ಗುತ್ತಿಗೆಗಳು ಎರಡು-ಮೂರು ಸಲಕ್ಕೆ ಬೇಸರ. ಅದೇ ಗಿಗ್ ಎಂಬ ಸಣ್ಣಪುಟ್ಟ ಕೂಲಿ ಕೆಲಸಗಳು ಮೂಲ ಆಟಕ್ಕಿಂತ ಬಹಳ ಮೇಲು: ಪ್ರತಿಯೊಂದರಲ್ಲೂ ಒಂದು ತಿರುವು, ಒಂದು ನಿರ್ಧಾರ ಇದೆ.

ಇನ್ನು ಲೆಕ್ಕದ ವಿಷಯಕ್ಕೆ ಬರೋಣ. ಡಿಎಲ್‌ಸಿ ಬರುವುದಕ್ಕೆ ಐದು ದಿನ ಮುಂಚೆ, ಸೆಪ್ಟೆಂಬರ್ 21ರಂದು, 2.0 ಎಂಬ ಅಪ್‌ಡೇಟ್ ಉಚಿತವಾಗಿ ಬಂತು. ಕೌಶಲಗಳ ಇಡೀ ವ್ಯವಸ್ಥೆ ಬದಲಾದದ್ದು, ಬೆನ್ನ ಹಿಂದೆ ಶೂನ್ಯದಿಂದ ಉದ್ಭವಿಸುತ್ತಿದ್ದ ಪೊಲೀಸರು ನೆಟ್ಟಗೆ ಬೆನ್ನಟ್ಟಲು ಕಲಿತದ್ದು, ಓಡುವ ಕಾರಿನಿಂದ ಗುಂಡು ಹಾರಿಸಲು ಆದದ್ದು ಎಲ್ಲ ಆ ಅಪ್‌ಡೇಟ್‌ನಿಂದ. ಎರಡೂ ಒಂದೇ ವಾರ ಬಂದದ್ದರಿಂದ ಆಟ ಎಷ್ಟು ಸುಧಾರಿಸಿದೆ ಎಂಬ ಬೆರಗಿನ ದೊಡ್ಡ ಪಾಲು ಡಿಎಲ್‌ಸಿಯ ಖಾತೆಗೆ ಜಮೆಯಾಯಿತು. ಕಥೆ, ಡಾಗ್‌ಟೌನ್, ರೀಡ್, ಸೋ ಮಿ ಇವಿಷ್ಟು ಡಿಎಲ್‌ಸಿಯ ಸ್ವಂತ ಸಂಪಾದನೆ. ಉಳಿದದ್ದು ಮೂರು ವರ್ಷದ ರಿಪೇರಿ ಕೆಲಸದ ಫಲ, ಅದು ಮೊದಲ ದಿನವೇ ಇರಬೇಕಾದದ್ದು.

ಆ ರಿಪೇರಿಯೂ ಎಲ್ಲರಿಗೆ ಸಿಗಲಿಲ್ಲ. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ 2.0 ಇಲ್ಲ, ‘ಫ್ಯಾಂಟಮ್ ಲಿಬರ್ಟಿ’ಯೂ ಇಲ್ಲ. ಆ ಯಂತ್ರಗಳಿಗೆ ಇದು ಹೊರಲಾರದ ಭಾರವೆಂಬ ತಾಂತ್ರಿಕ ಕಾರಣ ಒಪ್ಪತಕ್ಕದ್ದೇ. ಆದರೂ 2020ರಲ್ಲಿ ಎಲ್ಲರಿಗಿಂತ ಹೆಚ್ಚು ಮೋಸಹೋದದ್ದು ಆ ಯಂತ್ರಗಳಲ್ಲಿ ಆಡಿದವರು. ಕಂಪನಿ ಮಾನ ತೊಳೆದುಕೊಂಡ ಕಥೆ ಹೇಳುವಾಗ ಅವರನ್ನು ಯಾರೂ ನೆನೆಯುವುದಿಲ್ಲ.

ನಮ್ಮಲ್ಲಿ ಕೊಳ್ಳಬೇಕೆಂದಿರುವವರಿಗೆ ಎರಡು ಮಾತು. ಆಟದಲ್ಲಿ ಕನ್ನಡವಿರಲಿ, ಭಾರತದ ಯಾವ ಭಾಷೆಯ ಸಬ್‌ಟೈಟಲ್ಲೂ ಇಲ್ಲ. ಬೀದಿಭಾಷೆ ತುಂಬಿದ ಇಂಗ್ಲಿಷ್ ಸಂಭಾಷಣೆ ಹಿಂಬಾಲಿಸಲು ತಾಳ್ಮೆ ಬೇಕು. ಪಿಸಿಯಲ್ಲಿ ಎಸ್‌ಎಸ್‌ಡಿ (ವೇಗದ ಸಂಗ್ರಹ ಡ್ರೈವ್) ಈಗ ಕಡ್ಡಾಯ. ಬೆಲೆ ಅಮೆರಿಕದಲ್ಲಿ ಸುಮಾರು 30 ಡಾಲರ್. ಮುಖ್ಯ ಕಥೆ ಮಾತ್ರ ಹಿಡಿದು ಹೋದರೆ ಹನ್ನೆರಡರಿಂದ ಹದಿನೈದು ಗಂಟೆ. ಮೂಲ ಆಟವನ್ನು ಆಗಲೇ ಮುಗಿಸಿದವರು ಆಟದ ಆರಂಭದಲ್ಲೇ ನೇರ ಡಾಗ್‌ಟೌನ್‌ಗೆ ಜಿಗಿಯುವ ಆಯ್ಕೆ ಬಳಸಬಹುದು. ಹೊಸಬರು ಆ ಆಯ್ಕೆಯನ್ನು ಮುಟ್ಟಬೇಡಿ. ವಿ ಯಾರು, ಜಾನಿ ಯಾರು, ಸಾವು ಎಷ್ಟು ಹತ್ತಿರವಿದೆ ಎಂಬುದು ಗೊತ್ತಿಲ್ಲದೆ ಸೋ ಮಿಯ ಸುಳ್ಳು ಚುಚ್ಚುವುದಿಲ್ಲ. ಮೊದಲ ಸಲ ಅವಳ ಪರ ನಿಲ್ಲಿ. ಕವಲಿಗೆ ಮುಂಚೆ ಒಂದು ಸೇವ್ ಇಟ್ಟುಕೊಂಡು ಆಮೇಲೆ ರೀಡ್ ದಾರಿ ನೋಡಿ. ರಿಯಾಯಿತಿ ಮಾರಾಟಕ್ಕೆ ಕಾಯಬೇಕಾದ ಡಿಎಲ್‌ಸಿಗಳೇ ಹೆಚ್ಚು. ಇದನ್ನು ಪೂರ್ತಿ ಬೆಲೆಗೆ ಕೊಂಡರೂ ನಷ್ಟವಿಲ್ಲ.